ಹೋಟೆಲಿನ ಸ್ಲೈಡಿನಲ್ಲಿ ಒಂದು ಬೆನ್ನು

ಮನ್ನೂಬಿಯಾ: ಇದರಲ್ಲಿ ಏನೂ ಕಾಣಿಸ್ತಾನೇ ಇಲ್ಲವಲ್ಲೋ.

ಲಸ್ಸಾದ್: ಅದು ಹಬೆ ಅಕ್ಕ.

ಮನ್ನೂಬಿಯಾ: ಮುಂದಿಂದು?

ಲಸ್ಸಾದ್: ಅದೂ ಹಬೆನೇ. ಒಳಗಿನ ಕೋಣೇದು.

ಮನ್ನೂಬಿಯಾ: ಎರಡಕ್ಕೂ ಏನು ವ್ಯತ್ಯಾಸ?

ಲಸ್ಸಾದ್: ಒಳಗಿಂದು ಜಾಸ್ತಿ ಬಿಸಿ.

ಮನ್ನೂಬಿಯಾ: ಇದೊಂದು ಚೆನ್ನಾಗಿ ಬಂದಿದೆ ನೋಡು. ಏನಿದು?

ಲಸ್ಸಾದ್: ಬಾಗಿಲು.

ಮನ್ನೂಬಿಯಾ: ಮುಚ್ಚಿದೆಯಲ್ಲ. ನೋಡಿದವರು ಅಂಗಡಿ ಎತ್ತಿದಾರೆ ಅಂದ್ಕೊಳ್ಳಲ್ವಾ?

ಲಸ್ಸಾದ್: ತೆಗೆದಿದ್ದರೆ ಒಳಗಿರೋರು ಕಾಣಿಸ್ತಾರೆ, ಬೇಡ ಅಂದಿದ್ದು ಯಾರು?

ಮನ್ನೂಬಿಯಾ ಒಗೆದು ಒಣಗಿಸಿದ ಮೀಯುವಾಗ ಸುತ್ತಿಕೊಳ್ಳುವ ಪಟ್ಟೆ ಪಟ್ಟೆ ಫೂತಾಗಳ ಗುಡ್ಡೆಯಿಂದ ಇನ್ನೊಂದನ್ನು ಎಳೆದುಕೊಂಡು ಮಡಿಸತೊಡಗಿದಳು. ಕೆಫ್ ಊರಿನ ಹಳೆಯ ಬೀದಿಯಲ್ಲಿದ್ದ ಆ ಹಮ್ಮಾಮಿನಲ್ಲಿ ಬೆಳಗಿನ ಗಂಡಸರು ಮಿಂದು ಹೋಗಿಯಾಗಿತ್ತು, ಮಧ್ಯಾಹ್ನದ ಹೆಂಗಸರು ಇನ್ನೂ ಬಂದಿರಲಿಲ್ಲ. ಅಕ್ಕ ತಮ್ಮ ಜಗಳವಾಡುವುದಕ್ಕೆ ದಿನಕ್ಕೆ ಸಿಗುತ್ತಿದ್ದುದು ಈ ನಡುವಿನ ಹೊತ್ತು ಮಾತ್ರ. ಅಪ್ಪ ಬಿಟ್ಟುಹೋದ ಸ್ನಾನದ ಮನೆ. ಗಂಡಸರ ಹೊತ್ತು ಲಸ್ಸಾದನದು, ಹೆಂಗಸರ ಹೊತ್ತು ಮನ್ನೂಬಿಯಾಳದು. ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಇಬ್ಬರೂ ಒಂದೇ ಕಡೆ ದುಡಿಯುತ್ತಿದ್ದರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಣ್ಣಾರೆ ಕಂಡಿರಲಿಲ್ಲ. ಅದರಿಂದಲೇ ಇಬ್ಬರಿಗೂ ತಾವೇ ಹೆಚ್ಚು ದುಡಿಯುವವರೆಂಬ ನಂಬಿಕೆ ಇತ್ತು.

ಲಸ್ಸಾದನಿಗೆ ಸ್ಲೈಡಿನ ಹುಚ್ಚು ಹಿಡಿದಿದ್ದು ವರ್ತಕರ ಸಂಘದ ಸಭೆಯಲ್ಲಿ. ಟ್ಯೂನಿಸ್‌ನಿಂದ ಬಂದಿದ್ದ ತರಬೇತಿಯವನೊಬ್ಬ, ಇನ್ನು ಬೋರ್ಡು ಬರೆಸುವ ಕಾಲ ಹೋಯಿತು, ನಿಮ್ಮ ವ್ಯಾಪಾರದ ಕಥೆಯನ್ನು ನಾಲ್ಕು ಸ್ಲೈಡು ಮಾಡಿ ಜಾಲತಾಣಕ್ಕೆ ಏರಿಸಿ, ಜನ ಮನೆಯಲ್ಲಿ ಕೂತೇ ಒಂದೊಂದಾಗಿ ತಿರುವಿ ನೋಡುತ್ತಾರೆ, ನೋಡಿದವರು ಬರುತ್ತಾರೆ ಎಂದಿದ್ದ. ಹಮ್ಮಾಮಿಗೆ ಜನ ಬರುವುದು ತುರ್ತಾಗಿಯೇ ಬೇಕಾಗಿತ್ತು. ಕೋಟೆಯ ಕೆಳಗೆ ಹೊಸ ಹೋಟೆಲು ಎದ್ದಾಗಿನಿಂದ ಮದುಮಗಳ ಸ್ನಾನಗಳೆಲ್ಲ ಅತ್ತ ಹೋಗಿದ್ದವು. ಮದುಮಗಳೊಬ್ಬಳು ಬಂದರೆ ಅವಳ ಹಿಂದೆ ಓರಗಿತ್ತಿಯರು, ಅತ್ತಿಗೆ ನಾದಿನಿಯರು, ಬಾಲ್ಯದ ಗೆಳತಿಯರು, ಡೋಲು ಬಡಿಯುವವರು ಎಲ್ಲ ಬರುತ್ತಾರೆ. ಹೋದರೆ ಎಲ್ಲರೂ ಹೋಗುತ್ತಾರೆ. ಈಗ ಉಳಿದಿದ್ದವರು ಮೊಣಕಾಲು ನೋವಿನ ನಾಲ್ಕಾರು ಮುದುಕಿಯರು. ಇದನ್ನು ಮೊದಲು ಗಮನಿಸಿದವನು ಚಿಕ್ಕಪ್ಪನ ಮಗ. ಅವನು ಶುಕ್ರವಾರ ಶುಕ್ರವಾರ ಅಳತೆ ಟೇಪು ಹಿಡಿದು ಬಂದು, ನೀರಿದೆ, ಚರಂಡಿಯಿದೆ, ಗೋಡೆ ಒಂದು ಒಡೆದರೆ ಒಳ್ಳೇ ಕಾರು ತೊಳೆಯುವ ಜಾಗ ಎನ್ನುತ್ತಿದ್ದ.

ಮನ್ನೂಬಿಯಾ ಅವನಿಗೆ ಒಂದೇ ಮಾತು ಹೇಳಿದ್ದಳು. ‘ನಾನು ಕಾರಿನ ಬೆನ್ನು ಉಜ್ಜಲ್ಲ.’

ಲಸ್ಸಾದ್: ಸರಿ, ಚಿತ್ರ ಬಿಡು. ಬರಹಕ್ಕೆ ಬರೋಣ. ಮೊದಲನೇ ಸ್ಲೈಡಲ್ಲಿ ಗ್ರಾಹಕರ ನೋವು ಏನು ಅಂತ ಬರೀಬೇಕಂತೆ.

ಮನ್ನೂಬಿಯಾ: ಮೊಣಕಾಲು.

ಲಸ್ಸಾದ್: ಆ ನೋವಲ್ಲ.

ಮನ್ನೂಬಿಯಾ: ಸೊಂಟಾನೂ ಸೇರಿಸು. ಆ ಮುದುಕಿ ಶಾದ್ಲಿಯಾಗೆ ಸೊಸೆನೇ ನೋವು.

ಲಸ್ಸಾದ್: ಅಕ್ಕ, ನೋವು ಅಂದರೆ, ಜನಕ್ಕೆ ಯಾವುದರ ಕೊರತೆ ಇದೆ ಅಂತ.

ಮನ್ನೂಬಿಯಾ: ಹಾಗೆ ಕೇಳು. ನಾಚಿಕೆ.

ಲಸ್ಸಾದ್: ಅದನ್ನ ಬರಿಯೋಕಾಗಲ್ಲ. ಎರಡನೇದು, ನಮ್ಮ ಎದುರಾಳಿ ಯಾರು?

ಮನ್ನೂಬಿಯಾ: ಗೀಸರ್.

ಲಸ್ಸಾದ್: ಹೋಟೆಲು ಅನ್ನು. ಅವರದು ಸ್ಪಾ.

ಮನ್ನೂಬಿಯಾ: ಸ್ಪಾ ಅಂದರೆ ಏನು?

ಲಸ್ಸಾದ್: ಹಮ್ಮಾಮೇ. ಆದರೆ ಸುತ್ತ ಮೇಣದಬತ್ತಿ ಹಚ್ಚಿಟ್ಟಿರ್ತಾರೆ.

ಮನ್ನೂಬಿಯಾ: ಅಷ್ಟು ದೊಡ್ಡ ಹೋಟೆಲಿಗೆ ಕರೆಂಟ್ ಕೊಟ್ಟಿಲ್ವಾ?

ಲಸ್ಸಾದ್ ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟ. ತರಬೇತಿಯವನು ತಾಳ್ಮೆಯ ಬಗ್ಗೆಯೂ ಒಂದು ಸ್ಲೈಡು ತೋರಿಸಿದ್ದ.

ಲಸ್ಸಾದ್: ಮೂರನೇದು ಮುಖ್ಯ. ಕಥೆ ಹೇಳಬೇಕಂತೆ. ಇಲ್ಲಿ ನಡೆದಿದ್ದು, ನಿಜವಾದ ಕಥೆ. ಅಷ್ಟು ವರ್ಷದಿಂದ ಇದ್ದೀಯ, ಒಂದು ಹೇಳು.

ಮನ್ನೂಬಿಯಾ: ಬರಕೋ. ಒಬ್ಬಳು ತಾಯಿ, ಮಗನಿಗೆ ಹುಡುಗಿ ನೋಡೋಕೆ ಅಂತ ಇಲ್ಲಿಗೇ ಬಂದಳು.

ಲಸ್ಸಾದ್: ಚೆನ್ನಾಗಿದೆ. ಯಾರು ಆ ತಾಯಿ?

ಮನ್ನೂಬಿಯಾ: ಅದು ಹೇಳಲ್ಲ.

ಲಸ್ಸಾದ್: ಹುಡುಗಿ?

ಮನ್ನೂಬಿಯಾ: ಅದೂ ಹೇಳಲ್ಲ.

ಲಸ್ಸಾದ್: ಆಮೇಲೆ ಏನಾಯ್ತು?

ಮನ್ನೂಬಿಯಾ: ಮದುವೆ ಆಗಲಿಲ್ಲ.

ಲಸ್ಸಾದ್: ಯಾಕೆ?

ಮನ್ನೂಬಿಯಾ: ಅದು ಹೇಳೋ ಅಂಥದ್ದಲ್ಲ.

ಲಸ್ಸಾದ್: ಇದರಲ್ಲಿ ಕಥೆ ಎಲ್ಲಿದೆ ಅಕ್ಕ?

ಮನ್ನೂಬಿಯಾ: ನನ್ನ ಹತ್ರ ಇದೆ. ನನ್ನ ಹತ್ರನೇ ಇರುತ್ತೆ. ನಾನು ಬಾಯಿ ಬಿಟ್ಟರೆ ಈ ಬೀದಿಯಲ್ಲಿ ಅರ್ಧ ಜನ ಇನ್ನರ್ಧ ಜನದ ಹತ್ರ ಮಾತು ಬಿಡ್ತಾರೆ.

ಲಸ್ಸಾದ್ ‘ಒಬ್ಬಳು ತಾಯಿ ಇದ್ದಳು’ ಎಂದು ಟೈಪು ಮಾಡಿದ. ಓದಿ ನೋಡಿದ. ಅಳಿಸಿದ. ಅಕ್ಕನಿಗೆ ಬುದ್ಧಿ ಬರಬೇಕಾದರೆ ಒಳ್ಳೆಯ ಮಾದರಿ ತೋರಿಸಬೇಕೆಂದು ಹೋಟೆಲಿನವರ ಸ್ಲೈಡುಗಳನ್ನೇ ತೆರೆದ.

ಲಸ್ಸಾದ್: ನೋಡು, ಇದು ಸ್ಲೈಡ್ ಅಂದರೆ. ಕಲ್ಲು, ಮೇಣದಬತ್ತಿ, ಹೂವು. ಈ ಹೂವಿಗೆ ಎಂಥಾ ಬೆಳಕು ಬಿಟ್ಟಿದಾರೆ ನೋಡು.

ಮನ್ನೂಬಿಯಾ: ಹೂವು ಸ್ನಾನ ಮಾಡ್ತಿದೆಯಾ?

ಲಸ್ಸಾದ್: ಮುಂದೆ ನೋಡು.

ಮುಂದಿನ ಸ್ಲೈಡಿನಲ್ಲಿ ಒಂದು ಬೆನ್ನು ಇತ್ತು. ಹೆಂಗಸೊಬ್ಬಳು ಕಲ್ಲಿನ ಕಟ್ಟೆಯ ಮೇಲೆ ಬೋರಲು ಮಲಗಿದ್ದಳು. ಸೊಂಟದವರೆಗೂ ಬಿಳಿ ಬಟ್ಟೆ, ಮುಖ ಆಚೆ ತಿರುಗಿತ್ತು, ಕೂದಲು ಬಟ್ಟೆಯಲ್ಲಿ ಸುತ್ತಿತ್ತು. ಎಡ ಭುಜದ ಕೆಳಗೆ ಕಡಲೆಕಾಳಿನಷ್ಟು ಒಂದು ಮಚ್ಚೆ. ಕೆಳಗೆ ದಪ್ಪಕ್ಷರದಲ್ಲಿ, ‘ನಮ್ಮ ಮೊದಲ ಅತಿಥಿಗಳು ನಮ್ಮ ಕೆಫ್ ಊರಿನ ಹೆಂಗಸರೇ’ ಎಂದು ಬರೆದಿತ್ತು.

ಫೂತಾ ಮಡಿಸುತ್ತಿದ್ದ ಮನ್ನೂಬಿಯಾಳ ಕೈ ನಿಂತಿತು.

ಮನ್ನೂಬಿಯಾ: ಇದನ್ನ ಯಾರು ಯಾರು ನೋಡಿದಾರೆ?

ಲಸ್ಸಾದ್: ಜಾಲತಾಣ ಅಕ್ಕ ಅದು. ಲೋಕಾನೇ ನೋಡಿರುತ್ತೆ.

ಮನ್ನೂಬಿಯಾ: ಮುಚ್ಚು ಅದನ್ನ.

ಲಸ್ಸಾದ್: ಹೊಟ್ಟೆಕಿಚ್ಚು ಪಡಬೇಡ. ಅವರದು ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನೋಣ.

ಮನ್ನೂಬಿಯಾ: ಮುಚ್ಚು ಅಂದೆ.

ಲಸ್ಸಾದ್: ಯಾಕೆ, ಯಾರದು ಅಂತ ಗೊತ್ತಾಯ್ತಾ? ನಿನಗೆ ಈ ಊರಿನ ಬೆನ್ನೆಲ್ಲ ಗೊತ್ತಲ್ಲ.

ಮನ್ನೂಬಿಯಾ: ನನಗೇನು ಗೊತ್ತು.

ಲಸ್ಸಾದ್: ಗೊತ್ತಿಲ್ಲದಿದ್ದರೆ ಮುಖ ಯಾಕೆ ಹೀಗಾಯ್ತು?

ಮನ್ನೂಬಿಯಾ: ನನ್ನ ಮುಖ ಹೀಗೇ ಇರೋದು. ಎದ್ದು ಹೋಗು, ಹೆಂಗಸರ ಹೊತ್ತಾಯ್ತು.

ಹೊತ್ತಾಗಿರಲಿಲ್ಲ. ಆದರೂ ಅವನು ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದ. ಅಂದು ಸಂಜೆ ಮನೆಗೆ ಬಂದ ಅಕ್ಕ, ಅವನ ಹೆಂಡತಿ ಜಲೀಲಾಳ ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಒಳಗಿನಿಂದ ಒಂದು ಮಾತೂ ಕೇಳಿಬರಲಿಲ್ಲ. ಹೆಂಗಸರು ಮಾತಿಲ್ಲದೆ ಕೂರುವುದನ್ನು ಅವನು ಅದೇ ಮೊದಲು ಕಂಡಿದ್ದು. ಮೆಣಸಿನಕಾಯಿ ಬಿಡಿಸುತ್ತಿರಬೇಕು ಅಂದುಕೊಂಡ.

ಆ ವಾರವೇ ಬೆನ್ನು ಊರಿಗೆಲ್ಲ ಹರಡಿತು. ಫೋನಿನಿಂದ ಫೋನಿಗೆ ಹೋಯಿತು, ಕಾಫಿ ಅಂಗಡಿಯ ಮೇಜಿನ ಮೇಲೆ ದೊಡ್ಡದಾಯಿತು, ಚಿಕ್ಕದಾಯಿತು. ‘ನಮ್ಮ ಕೆಫ್ ಊರಿನ ಹೆಂಗಸರೇ’ ಎಂಬ ಒಂದು ಸಾಲು ಇಲ್ಲದಿದ್ದರೆ ಯಾರೋ ಹೊರಗಿನವಳು ಎಂದು ಬಿಟ್ಟುಬಿಡುತ್ತಿದ್ದರು. ಈಗ ಹಾಗೆ ಬಿಡುವಂತಿರಲಿಲ್ಲ. ಹೋಟೆಲು ತೆರೆದ ವಾರದಲ್ಲಿ ಊರಿನ ಹೆಂಗಸರಿಗೆ ಸ್ನಾನ ಬಿಟ್ಟಿಯಾಗಿತ್ತು. ಯಾರು ಹೋಗಿದ್ದರು, ಯಾರು ಹೋಗಿರಲಿಲ್ಲ ಎಂಬುದನ್ನು ಯಾರೂ ಮನೆಯಲ್ಲಿ ಹೇಳಿರಲಿಲ್ಲ. ಬೆಳಗಿನ ಹಬೆಯಲ್ಲಿ ಗಂಡಸರಿಗೆ ಬೇರೆ ಮಾತೇ ಇರಲಿಲ್ಲ.

ಕಸಾಯಿ ರವೂಫ್: ನಮ್ಮನೆಯವಳದ್ದಲ್ಲ. ನಾನು ನೋಡಿದೆ.

ಲಸ್ಸಾದ್: ಏನು ನೋಡಿದಿರಿ, ಚಿತ್ರಾನೋ ಹೆಂಡತೀನೋ?

ಕಸಾಯಿ ರವೂಫ್: ಎರಡನ್ನೂ. ಅಕ್ಕಪಕ್ಕ.

ಖಮೈಸ್ ಮೇಷ್ಟ್ರು: ನನಗೆ ನೋಡೋ ಪ್ರಮೇಯವೇ ಬರಲಿಲ್ಲ. ನನ್ನ ಹೆಂಡತಿ ಬೆನ್ನು ನನಗೆ ಬಾಯಿಪಾಠ.

ಟ್ಯಾಕ್ಸಿ ಓಡಿಸುವ ಅಮೋರ್: ಮಚ್ಚೆ ಯಾವ ಕಡೆ ಇತ್ತು ಮೇಷ್ಟ್ರೇ?

ಖಮೈಸ್ ಮೇಷ್ಟ್ರು: ಎಡಗಡೆ.

ಅಮೋರ್: ನೋಡೋರ ಎಡವಾ, ಮಲಗಿರೋರ ಎಡವಾ?

ಮೇಷ್ಟ್ರು ಲೆಕ್ಕ ಹಾಕುತ್ತ ಒಂದು ಚೊಂಬು ನೀರು ಸುರಿದುಕೊಂಡರು. ಮತ್ತೊಂದು ಚೊಂಬು ತುಂಬಿದವರು ಅದನ್ನು ಹಾಗೇ ಕೆಳಗಿಟ್ಟು, ಸೋಪಿನ ನೊರೆಯಲ್ಲೇ ಎದ್ದು ಬಟ್ಟೆ ಹಾಕಿಕೊಳ್ಳಲು ಹೋದರು.

ಲಸ್ಸಾದನಿಗೆ ಅಂಥ ಬೆಳಗುಗಳು ಬಹಳ ದಿನದಿಂದ ಸಿಕ್ಕಿರಲಿಲ್ಲ. ಬೆನ್ನಿನ ಸುದ್ದಿ ಮಾತಾಡುವುದಕ್ಕೆಂದೇ ಗಂಡಸರು ಎರಡೆರಡು ಸಲ ಮೀಯಲು ಬರುತ್ತಿದ್ದರು. ಸ್ವಂತ ಹೆಂಡತಿಯ ಬೆನ್ನು ಗುರುತಿಸಲಾರದ ಈ ಗಂಡಸರನ್ನು ಕಂಡು ಅವನಿಗೆ ಒಳಗೊಳಗೇ ನಗು. ನಮ್ಮನೆಯಲ್ಲಿ ಆ ತಾಪತ್ರಯವಿಲ್ಲ, ಮಾಲೀಕನ ಹೆಂಡತಿ ಬೇರೆಯವರ ಹಮ್ಮಾಮಿಗೆ ಯಾಕೆ ಹೋಗುತ್ತಾಳೆ ಎಂದುಕೊಂಡು ಅವನು ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟಿದ್ದ.

ಗುರುವಾರ, ಹೆಂಗಸರ ಹೊತ್ತು ಶುರುವಾಗುವ ಮೊದಲೇ, ಬೇಯಾ ಬಂದಳು. ಅವಳ ಹಿರಿಯ ಮಗಳ ಮದುವೆ ಹತ್ತಿರ ಬಂದಿತ್ತು. ಊರಿನಲ್ಲಿ ನಾಲ್ಕು ಜನ ಕೇಳುವ ಹೆಂಗಸು; ಅವಳು ಎಲ್ಲಿ ಬಟ್ಟೆ ಹೊಲಿಸುತ್ತಾಳೋ ಉಳಿದವರೂ ಅಲ್ಲೇ ಹೊಲಿಸುತ್ತಿದ್ದರು. ಬಾಗಿಲಲ್ಲೇ ನಿಂತು ಗೋಡೆ, ಛಾವಣಿ, ಮೂಲೆಗಳನ್ನೆಲ್ಲ ಒಂದು ಸುತ್ತು ನೋಡಿ, ಹಿರಿಯರನ್ನು ಕರೆಯುವಂತೆ ‘ಲೆಲ್ಲಾ’ ಎಂದು ಗೌರವ ಸೇರಿಸಿ ಮಾತು ತೆಗೆದಳು.

ಬೇಯಾ: ಲೆಲ್ಲಾ ಮನ್ನೂಬಿಯಾ, ಮಗಳ ಸ್ನಾನ ಹೋಟೆಲಲ್ಲಿ ಅಂತ ಇತ್ತು. ಬೇಡ ಅಂತ ಹೇಳಿ ಬಂದೆ.

ಮನ್ನೂಬಿಯಾ: ಹೂಂ.

ಬೇಯಾ: ನಿಮ್ಮಲ್ಲಿ ಫೋಟೋ ತೆಗೀತಾರಾ?

ಮನ್ನೂಬಿಯಾ: ತೆಗೀತಾರೆ. ನನ್ನ ತಮ್ಮ ತೆಗೆದಿದ್ದಾನೆ.

ಬೇಯಾಳ ಮುಖ ಗಂಟಿಕ್ಕಿತು. ಲಸ್ಸಾದ್ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ.

ಮನ್ನೂಬಿಯಾ: ತೋರಿಸೋ ಅವರಿಗೆ.

ಲಸ್ಸಾದ್: ಈಗ ಬೇಡ ಅಕ್ಕ, ಇನ್ನೂ ಸರಿಮಾಡಬೇಕು.

ಮನ್ನೂಬಿಯಾ: ತೋರಿಸು ಅಂದರೆ.

ಅವನು ಲ್ಯಾಪ್‌ಟಾಪನ್ನು ತಿರುಗಿಸಿ ಒಂದೊಂದೇ ಸ್ಲೈಡು ಸರಿಸಿದ. ಬೇಯಾ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು.

ಬೇಯಾ: ಏನೂ ಕಾಣಿಸ್ತಿಲ್ಲವಲ್ಲ.

ಮನ್ನೂಬಿಯಾ: ಕಾಣಿಸಲ್ಲ.

ಬೇಯಾ: ಆವಾಗ ಒಳಗೆ ಯಾರೂ ಇರಲಿಲ್ವಾ?

ಲಸ್ಸಾದ್: ತುಂಬಾ ಜನ ಇದ್ದರು.

ಬೇಯಾ: ಯಾರು ಯಾರು?

ಲಸ್ಸಾದ್ ಬಾಯಿ ತೆರೆದ. ಅಕ್ಕ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದ.

ಬೇಯಾ: ಇರಲಿ. ಲೆಲ್ಲಾ ಮನ್ನೂಬಿಯಾ, ನೀವು ಹಳಬರು. ಆ ಬೆನ್ನು ಯಾರದು ಅಂತ ನಿಮಗಂತೂ ಗೊತ್ತಿರುತ್ತೆ. ನನಗೊಬ್ಬಳಿಗೆ ಹೇಳಿ.

ಮನ್ನೂಬಿಯಾ: ನನಗೇನು ಗೊತ್ತು.

ಬೇಯಾ: ನಾನು ಯಾರಿಗೂ ಹೇಳಲ್ಲ.

ಮನ್ನೂಬಿಯಾ: ನಾನೂ ಹೇಳಲ್ಲ. ಟೀ ಕುಡೀತೀರಾ?

ಬೇಯಾ ಅವಳನ್ನೇ ಒಂದು ಗಳಿಗೆ ದಿಟ್ಟಿಸಿ, ಶಾಲಿನ ಗಂಟು ಸಡಿಲಿಸಿ ಕೂತಳು.

ಬೇಯಾ: ನೀವು ಹೇಳಿದ್ದರೆ ಎದ್ದು ಹೋಗ್ತಿದ್ದೆ. ಮುಂದಿನ ವಾರ ಹಮ್ಮಾಮ್ ಪೂರ್ತಿ ನಮಗೇ ಬೇಕು. ಮತ್ತೆ ಲಸ್ಸಾದ್ ಅವರೇ, ಈ ಸ್ಲೈಡು ನನ್ನ ಬೀಗಿತ್ತಿಗೂ ಕಳಿಸಿ. ಅವರಿಗೂ ಒಂದು ಧೈರ್ಯ ಬರಲಿ.

ಹೀಗೆ ಹಬೆಯ ಸ್ಲೈಡುಗಳು ಬೀಗಿತ್ತಿಗೆ ಹೋದವು, ಬೀಗಿತ್ತಿಯಿಂದ ಅವಳ ತಂಗಿಯರಿಗೆ, ತಂಗಿಯರಿಂದ ಕಂಡಕಂಡವರಿಗೆ. ಬಿಳಿ ಬಿಟ್ಟು ಮತ್ತೇನೂ ಕಾಣದ ಚಿತ್ರಗಳನ್ನು ಊರಿನ ಹೆಂಗಸರು ಒಂದೊಂದಾಗಿ ಸರಿಸಿ ನೋಡಿದರು, ದೊಡ್ಡದು ಮಾಡಿ ನೋಡಿದರು, ಎಲ್ಲೂ ಯಾರ ಕಿವಿಯ ತುದಿಯೂ ಕಾಣದ್ದನ್ನು ಖಾತ್ರಿ ಮಾಡಿಕೊಂಡರು. ಮದುವಣಗಿತ್ತಿಯರು ಒಬ್ಬೊಬ್ಬರಾಗಿ ವಾಪಸು ಬಂದರು. ಶುಕ್ರವಾರ ಟೇಪು ಹಿಡಿದು ಬಂದ ಚಿಕ್ಕಪ್ಪನ ಮಗ, ಬೀದಿಯ ತಿರುವಿನವರೆಗೂ ನಿಂತಿದ್ದ ಹೆಂಗಸರನ್ನು ಕಂಡು, ಡೋಲಿನ ಸದ್ದು ಕೇಳಿ, ಟೇಪನ್ನು ಜೇಬಿಗೆ ಹಾಕಿಕೊಂಡು ಬೇರೆ ಕೆಲಸಕ್ಕೆ ಬಂದವನ ಹಾಗೆ ಮುಂದೆ ನಡೆದುಹೋದ.

ಇಷ್ಟಾದ ಮೇಲೆ ಲಸ್ಸಾದನನ್ನು ಹಿಡಿಯುವವರಿಲ್ಲ. ಅಕ್ಕ ಬಾಯಿ ಮುಚ್ಚಿಕೊಂಡಿದ್ದರಿಂದ ಜನ ಬಂದರೆಂದು ಅವನು ಒಪ್ಪಲಿಲ್ಲ, ಬಂದದ್ದು ಸ್ಲೈಡಿನಿಂದ. ಹಾಗಿದ್ದ ಮೇಲೆ ಇನ್ನೂ ಒಂದು ಸ್ಲೈಡು ಹಾಕಿದರೆ ಇನ್ನೂ ಜನ ಬರುತ್ತಾರೆ. ಒಂದು ದಿನ ನಡುವಿನ ಹೊತ್ತಿನಲ್ಲಿ ಆ ಹೊಸ ಸ್ಲೈಡನ್ನು ಅಕ್ಕನ ಮುಂದಿಟ್ಟ. ಎಡಕ್ಕೆ ಹೋಟೆಲಿನ ಬೆನ್ನು, ಬಲಕ್ಕೆ ತಮ್ಮ ಹಬೆ. ಮೇಲೆ, ‘ಅಲ್ಲಿಗೆ ಹೋದರೆ ಹೀಗೆ. ಇಲ್ಲಿಗೆ ಬಂದರೆ ಹೀಗೆ.’

ಮನ್ನೂಬಿಯಾ: ತೆಗಿ ಅದನ್ನ.

ಲಸ್ಸಾದ್: ಯಾಕೆ? ಅವರೇ ಹಾಕಿರೋ ಬೆನ್ನು. ನಾನೇನು ಹೊಸದಾಗಿ ತಂದಿಲ್ಲ.

ಮನ್ನೂಬಿಯಾ: ತೆಗಿ.

ಲಸ್ಸಾದ್: ಒಂದು ಕಾರಣ ಹೇಳು.

ಮನ್ನೂಬಿಯಾ: ಅಕ್ಷರ ಚೆನ್ನಾಗಿಲ್ಲ.

ಲಸ್ಸಾದ್: ಅಕ್ಷರ ಬದಲಾಯಿಸ್ತೀನಿ.

ಮನ್ನೂಬಿಯಾ: ಬಣ್ಣ ಚೆನ್ನಾಗಿಲ್ಲ.

ಲಸ್ಸಾದ್: ನಿನಗೆ ಗೊತ್ತಿದೆ ಅಕ್ಕ. ಯಾರದು ಅಂತ ನಿನಗೆ ಚೆನ್ನಾಗಿ ಗೊತ್ತಿದೆ. ಯಾರೋ ದೊಡ್ಡವರ ಮನೆಯವಳು, ಅದಕ್ಕೇ ಹೆದರ್ತಿದ್ದೀಯ. ಆ ಬೇಯಾಳ ಬೆನ್ನೇ ಇರಬೇಕು.

ಮನ್ನೂಬಿಯಾ: ನಿನ್ನ ನಾಲಿಗೆ ಬಿದ್ದು ಹೋಗ. ಪಾಪ, ಆ ಹೆಂಗಸು ಯಾರೇ ಆಗಲಿ, ನಿನಗೇನು ಅನ್ಯಾಯ ಮಾಡಿದಾಳೆ?

ಲಸ್ಸಾದ್: ನಮ್ಮ ಹಮ್ಮಾಮ್ ಬಿಟ್ಟು ಅಲ್ಲಿಗೆ ಹೋದಳಲ್ಲ, ಅದೇ ಅನ್ಯಾಯ. ನಾಚಿಕೆ ಅವಳಿಗೆ ಇರಬೇಕು, ಅವಳ ಗಂಡನಿಗೆ ಇರಬೇಕು. ನನಗ್ಯಾಕೆ?

ಮನ್ನೂಬಿಯಾ ಫೂತಾದಲ್ಲಿ ಮುಖ ಒರೆಸಿಕೊಂಡಳು. ಬೆವರಿರಲಿಲ್ಲ.

ಅಷ್ಟರಲ್ಲಿ ಜಲೀಲಾ ಊಟ ತಂದಳು. ಬಟ್ಟಲುಗಳಲ್ಲಿ ಬಿಸಿ ಕಡಲೆಕಾಳಿನ ಲಬ್ಲಾಬಿ ಸಾರು, ಮೇಲೆ ಒಡೆದ ಮೊಟ್ಟೆ, ಹರಿಸ್ಸಾ ಖಾರ, ನೆನೆದ ರೊಟ್ಟಿ ಚೂರು. ಮಧ್ಯಾಹ್ನವಾದರೆ ಅವಳೂ ಇಲ್ಲೇ ದುಡಿಯುವವಳು; ಊಟ ಇಳಿಸಿ, ತೋಳು ಮಡಿಸಿ, ನೀರಿನ ತೊಟ್ಟಿ ತುಂಬಿಸಲು ಒಳಗೆ ಹೋಗುವುದು ರೂಢಿ. ಇಂದು ಗಂಡ ಕೂಗಿದ.

ಲಸ್ಸಾದ್: ಜಲೀಲಾ, ಬಾ ಇಲ್ಲಿ. ಅಕ್ಕನಿಗೆ ಇದೆಲ್ಲ ತಿಳಿಯಲ್ಲ. ನೀನು ಹೇಳು. ಈ ಬೆನ್ನನ್ನ ದೊಡ್ಡದು ಮಾಡಲಾ, ಚಿಕ್ಕದು ಮಾಡಲಾ?

ಜಲೀಲಾ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

ಜಲೀಲಾ: ಚಿಕ್ಕದು ಮಾಡೋಕಾಗಲ್ಲ. ಹೆರಿಗೆ ಆದಮೇಲೆ ನಾನೂ ಪ್ರಯತ್ನಪಟ್ಟೆ.

ಲಸ್ಸಾದ್: ನಿನ್ನದಲ್ಲ ಮಾರಾಯ್ತಿ, ಚಿತ್ರದ್ದು.

ಜಲೀಲಾ: ನಾನೂ ಚಿತ್ರದ್ದೇ ಹೇಳ್ತಿರೋದು.

ಮನ್ನೂಬಿಯಾ ಮಡಿಸಿಟ್ಟಿದ್ದ ಫೂತಾಗಳನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಮಡಿಸತೊಡಗಿದಳು. ಲಸ್ಸಾದ್ ಪರದೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳು ಎದುರಿಗೆ ನಿಂತಿದ್ದರಿಂದ ಅದರಿಂದ ಏನೂ ತಿಳಿಯಲಿಲ್ಲ.

ಲಸ್ಸಾದ್: ನಿನಗೆ ಮಚ್ಚೆ ಇದೆಯಾ?

ಜಲೀಲಾ: ಮದುವೆ ದಿನಾನೂ ಇತ್ತು. ಇವತ್ತೂ ಇದೆ. ನಡುವೆ ಎಲ್ಲೂ ಹೋಗಿರಲಿಲ್ಲ.

ಲಸ್ಸಾದ್: ಅಕ್ಕ, ನಿನಗೆ ಗೊತ್ತಿತ್ತಾ?

ಮನ್ನೂಬಿಯಾ: ನನಗೇನು ಗೊತ್ತು.

ಜಲೀಲಾ: ಅತ್ತಿಗೆಗೆ ಅವತ್ತೇ ಗೊತ್ತಾಯ್ತು. ಮನೆಗೆ ಬಂದು ನನ್ನ ಪಕ್ಕ ಕೂತಿದ್ದು ಎದ್ದು ಹೋದರು. ಬೈತಾರೆ ಅಂತ ಕಾಯ್ತಿದ್ದೆ. ಬೈಯಲೂ ಇಲ್ಲ, ಕೇಳಲೂ ಇಲ್ಲ.

ಹೆಂಡತಿ ಅಲ್ಲಿಗೆ ಹೋದಳೆಂಬುದು ಲಸ್ಸಾದನನ್ನು ಅಷ್ಟು ಕಾಡಲಿಲ್ಲ. ಆ ಬೆನ್ನನ್ನು ಅವನು ದಿನಗಟ್ಟಲೆ ಹಿಗ್ಗಿಸಿದ್ದ, ಕುಗ್ಗಿಸಿದ್ದ, ಎಡಕ್ಕೆ ಇಟ್ಟಿದ್ದ, ಬಲಕ್ಕೆ ಇಟ್ಟಿದ್ದ. ಒಂದು ಸಲವಾದರೂ ಎಲ್ಲೋ ನೋಡಿದ ಹಾಗಿದೆ ಅಂತ ಕೂಡ ಅನ್ನಿಸಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲವಾಗಿ ಸಿಟ್ಟು ಮಾಡಿಕೊಂಡ.

ಲಸ್ಸಾದ್: ಮನೇಲಿ ಹಮ್ಮಾಮ್ ಇಟ್ಟುಕೊಂಡು ಅಲ್ಲಿಗೆ ಯಾಕೆ ಹೋಗಬೇಕಿತ್ತು?

ಜಲೀಲಾ: ಬೆನ್ನು ನೋಯ್ತಿತ್ತು.

ಲಸ್ಸಾದ್: ನನಗೆ ಹೇಳಬಾರದಿತ್ತಾ?

ಜಲೀಲಾ: ಹೇಳಿದ್ದೆ. ಹೂಂ ಅಂದಿದ್ದಿರಿ.

ಲಸ್ಸಾದ್: ಇಲ್ಲಿ ಬಿಸಿನೀರು ಇರಲಿಲ್ವಾ?

ಜಲೀಲಾ: ಇತ್ತು. ಹೊತ್ತವಳು ನಾನೇ. ಇಲ್ಲಿ ನೀರು ತುಂಬೋದು ನಾನು, ಫೂತಾ ಒಗೆಯೋದು ನಾನು, ಬಂದ ಮದುಮಗಳ ಬೆನ್ನು ಉಜ್ಜೋದು ನಾನು. ಎಲ್ಲರೂ ಹೋದಮೇಲೆ ನೆಲ ತೊಳೆದು, ಉಳಿದ ನೀರಲ್ಲಿ ಎರಡು ಚೊಂಬು ಸುರಕೊಂಡು ಮನೆಗೆ ಓಡ್ತೀನಿ, ಅಡುಗೆ ಆಗಬೇಕು ಅಂತ. ಈ ಮನೆಗೆ ಬಂದಾಗಿಂದ ನನ್ನ ಬೆನ್ನಿಗೆ ಇನ್ನೊಬ್ಬರ ಕೈ ಬಿದ್ದಿಲ್ಲ. ಅಲ್ಲಿ ಯಾವುದೋ ಹುಡುಗಿ, ಜೋರಾಗಿ ಉಜ್ಜಲಾ, ನಿಧಾನಕ್ಕೆ ಉಜ್ಜಲಾ ಅಂತ ನನ್ನ ಕೇಳಿದಳು. ನನಗೆ ಅಳು ಬಂತು. ಮುಖ ಆ ಕಡೆ ತಿರುಗಿಸಿಕೊಂಡೆ. ಆವಾಗ ಯಾರೋ ಫೋಟೋ ತೆಗೆದರು.

ಒಳಗೆಲ್ಲೋ ತೊಟ್ಟಿಗೆ ನೀರು ಬೀಳುತ್ತಿತ್ತು. ಮನ್ನೂಬಿಯಾ ಫೂತಾಗಳನ್ನು ಬಿಟ್ಟು ಎದ್ದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಮೈ ಉಜ್ಜುವ ಗವಸುಗಳಲ್ಲಿ ಹೊಸದೊಂದನ್ನು ಆರಿಸಿ, ಕೈಗೆ ಹಾಕಿ ನೋಡಿಕೊಂಡಳು.

ಮನ್ನೂಬಿಯಾ: ಇವತ್ತು ತೊಟ್ಟಿ ಯಾರಾದರೂ ತುಂಬಿಕೊಳ್ಳಲಿ. ನೀನು ಹೋಗಿ ಕಟ್ಟೆ ಮೇಲೆ ಮಲಗು.

ಜಲೀಲಾ: ಊಟ ಆರುತ್ತೆ ಅತ್ತಿಗೆ.

ಮನ್ನೂಬಿಯಾ: ಆರಲಿ.

ಲಸ್ಸಾದ್ ತನ್ನ ಸ್ಲೈಡನ್ನು ಅಳಿಸಿದ. ಅಳಿಸಿದ್ದು ಸಾಲದೆಂದು ಕಸದ ಬುಟ್ಟಿಯಿಂದಲೂ ಅಳಿಸಿದ. ಆಮೇಲೆ ಫೋನು ತೆಗೆದು ಹೋಟೆಲಿನ ನಂಬರು ಒತ್ತಿದ. ಅವಸರದಲ್ಲಿ ಎಲ್ಲಿ ಬೆರಳು ತಾಗಿತೋ, ಆ ಕಡೆಯ ದನಿ ಕೋಣೆಗೆಲ್ಲ ಕೇಳುವಂತೆ ಬಂತು.

ಹೋಟೆಲಿನವನು: ಹೇಳಿ ಸಾರ್.

ಲಸ್ಸಾದ್: ನಿಮ್ಮ ಸ್ಲೈಡಲ್ಲಿ ಒಂದು ಬೆನ್ನು ಹಾಕಿದೀರಿ. ಅದನ್ನ ತೆಗೀರಿ.

ಹೋಟೆಲಿನವನು: ನೀವು ಯಾರು ಮಾತಾಡ್ತಿರೋದು?

ಲಸ್ಸಾದ್ ಸುತ್ತ ನೋಡಿದ. ಹೇಳಿದರೆ ಹೋಟೆಲಿಗೆ ಗೊತ್ತಾಗುತ್ತದೆ, ಹೋಟೆಲಿಗೆ ಗೊತ್ತಾದರೆ ಕಾಫಿ ಅಂಗಡಿಗೆ ಗೊತ್ತಾಗುತ್ತದೆ, ನಾಳೆ ಬೆಳಗಿನ ಹಬೆಯಲ್ಲಿ ಅವನೇ ಮಾತಿನ ವಸ್ತು. ಹೇಳದಿದ್ದರೆ ಆ ಬೆನ್ನು ಅಲ್ಲೇ ಇರುತ್ತದೆ. ಜಲೀಲಾ ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

ಲಸ್ಸಾದ್: ನಾನು ಆ ಬೆನ್ನಿನ ಗಂಡ.

ಆ ಕಡೆಯಿಂದ ದಣಿದವನೊಬ್ಬ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ ಸದ್ದು ಬಂತು.

ಹೋಟೆಲಿನವನು: ಸಾರ್, ಬೇಜಾರು ಮಾಡ್ಕೋಬೇಡಿ. ನಿಮಗಿಂತ ಮುಂಚೆ ಆರು ಜನ ಗಂಡಂದಿರು ಫೋನ್ ಮಾಡಿದಾರೆ. ಎಲ್ಲರೂ ಆ ಬೆನ್ನು ತಮ್ಮದೇ ಅಂತಾರೆ, ತೆಗೀರಿ ಅಂತಾರೆ, ಹೆಸರು ಕೇಳಿದರೆ ಇಟ್ಟುಬಿಡ್ತಾರೆ. ತೆಗೆದುಬಿಡ್ತೀವಿ ಸಾರ್, ಇವತ್ತೇ ತೆಗೀತೀವಿ. ಆದರೆ ದಯವಿಟ್ಟು ನೀವು ಗಂಡಂದಿರೆಲ್ಲ ಒಂದು ಕಡೆ ಕೂತು, ಯಾರು ಅಂತ ತೀರ್ಮಾನ ಮಾಡಿಕೊಂಡು, ಇನ್ನು ಮುಂದೆ ಒಬ್ಬರೇ ಫೋನ್ ಮಾಡಿ.

ಫೋನು ಕಟ್ಟಾಯಿತು. ಲಸ್ಸಾದ್ ಅದನ್ನು ಮೇಜಿನ ಮೇಲೆ ಬೋರಲು ಇಟ್ಟ. ಮನ್ನೂಬಿಯಾ ಗೋಡೆಯ ಕಡೆ ತಿರುಗಿಕೊಂಡಿದ್ದಳು. ನಗುವಿಗೆ ಅವಳ ಭುಜ ಕುಲುಕುತ್ತಿತ್ತು. ಜಲೀಲಾ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

ಜಲೀಲಾ: ಆರು ಜನಾನಾ?

ಲಸ್ಸಾದ್: ಹೂಂ.

ಜಲೀಲಾ: ಅವರಲ್ಲಿ ಯಾರಿಗಾದರೂ ಬೆನ್ನು ಉಜ್ಜೋಕೆ ಬರುತ್ತಾ ಕೇಳಬೇಕಿತ್ತು.